ಉತ್ತರದ ಬಾಣವಿಲ್ಲದ ನಕ್ಷೆ

ಸುಕರ್‌ಟಾಪೆನ್, ಗ್ರೀನ್‌ಲ್ಯಾಂಡ್
24 ಏಪ್ರಿಲ್ 1955

ಪ್ರೀತಿಯ ರಿಗ್ಮೊರ್,

ಅಂತೂ ಬಂದು ಸೇರಿದೆ. ಹಡಗಿನಲ್ಲಿ ಕಳೆದದ್ದು ಹದಿಮೂರು ದಿನ. ಅದರಲ್ಲಿ ಒಂಬತ್ತು ದಿನ ನಾನು ಮನುಷ್ಯನಾಗಿರಲಿಲ್ಲ. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ ಬಂಡೆಯ ಮೇಲೆ ಇಳಿದೆ. ಊರೆಲ್ಲ ಬಂಡೆಯೇ. ಮನೆಗಳನ್ನು ಯಾರೋ ಕೈತಪ್ಪಿ ಚೆಲ್ಲಿದ ಹಾಗೆ ಅಲ್ಲಲ್ಲಿ ಇಟ್ಟಿದ್ದಾರೆ. ಇಲ್ಲಿ ನಾನು ಶಾಲೆ ಕಟ್ಟಿಸಬೇಕಂತೆ. ಮೊದಲು ಸಮತಟ್ಟಾದ ಹತ್ತು ಮೀಟರು ಜಾಗ ಹುಡುಕಬೇಕು, ಆಮೇಲೆ ಶಾಲೆ.

ನಮ್ಮ ಬಿಡಾರದಲ್ಲಿ ಡೆನ್ಮಾರ್ಕಿನವರು ನಾಲ್ಕು ಜನ ಇದ್ದೇವೆ. ಅಡುಗೆ, ಒಲೆ, ಬಟ್ಟೆ ಎಲ್ಲ ಅಮಾಲಿಯಾ ಎಂಬ ಇಲ್ಲಿಯ ಹೆಂಗಸಿನ ಕೈಯಲ್ಲಿದೆ. ನಾನು ಬಾಗಿಲಿಗೆ ತಲೆ ಬಡಿಸಿಕೊಂಡದ್ದನ್ನು ನೋಡಿ ಬಂದ ದಿನವೇ ನನಗೆ 'ಉದ್ದಣ್ಣ' ಎಂದು ಹೆಸರಿಟ್ಟಿದ್ದಾಳೆ. ಊರಿನ ಮಕ್ಕಳೂ ಈಗ ಹಾಗೇ ಕರೆಯುತ್ತವೆ.

ಪೆಟ್ಟಿಗೆ ಬಿಚ್ಚಿದವನು ಮೊದಲು ಮಾಡಿದ ಕೆಲಸ ಎಂದರೆ ನಮ್ಮ ಮನೆಯ ನಕ್ಷೆಯ ಪ್ರತಿಯನ್ನು ಹಾಸಿಗೆಯ ಎದುರಿನ ಗೋಡೆಗೆ ಚುಚ್ಚಿದ್ದು. ಹನ್ನೊಂದು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತು ಒಂದೇ ಹಾಳೆಯ ಮೇಲೆ ಗೆರೆ ಎಳೆದವರು ನಾವು. ನೀನು ಬರೆದದ್ದು ನನಗೆ ತಲೆಕೆಳಗು, ನಾನು ಬರೆದದ್ದು ನಿನಗೆ ತಲೆಕೆಳಗು. ಬೇರೆಯವರಿಗಾಗಿ ಎಷ್ಟೋ ಕುರ್ಚಿ, ಎಷ್ಟೋ ಕಂಬಳಿ, ಮೂರು ಮನೆ ಮಾಡಿಕೊಟ್ಟೆವು. ನಮಗೆಂದು ಇದೇ ಮೊದಲನೆಯದು. ನಡುವೆ ಆ ಕಡೆಯಿಂದ ಈ ಕಡೆಗೆ ಹಾಯುವ ದೊಡ್ಡ ಕೋಣೆ, ದಕ್ಷಿಣಕ್ಕೆ ತೋಟ, ಅದರಾಚೆ ಕಾಡು. ಕಾಡಿನ ಎದುರಿಗೆ ನನ್ನ ಡ್ರಾಯಿಂಗ್ ಮೇಜು. ಉತ್ತರದಲ್ಲಿ ರಸ್ತೆಯ ಬದಿಗೆ ಅಡುಗೆಮನೆ ಮತ್ತು ನಿನ್ನ ಮಗ್ಗದ ಕೋಣೆ. ಕಣ್ಣು ಮುಚ್ಚಿದರೆ ಸಾಕು, ಅದರೊಳಗೆಲ್ಲ ಓಡಾಡಿ ಬರುತ್ತೇನೆ.

ಅಕ್ಟೋಬರಿನ ಕೊನೆಯ ಹಡಗು ಹತ್ತಿದರೆ ಇಳಿಯುವುದು ನಮ್ಮ ಮನೆಗೇ, ಬಾಡಿಗೆಯ ಮನೆಗಲ್ಲ. ಪಾಯದಿಂದ ಹಿಡಿದು ಪ್ರತಿಯೊಂದನ್ನೂ ಬರೆ. ಅಂಚೆ ಬರುವುದೇ ಮೂರು ವಾರಕ್ಕೊಮ್ಮೆ, ಆದ್ದರಿಂದ ಉದ್ದವಾಗಿ ಬರೆ.

ನಿನ್ನ
ಎಬ್ಬೆ


ವೀರುಮ್, ಡೆನ್ಮಾರ್ಕ್
17 ಮೇ 1955

ಎಬ್ಬೆ,

ಹೇಗೆ ಹೇಳಲಿ ಎಂದು ಯೋಚಿಸಿ ಫಲವಿಲ್ಲ, ಹೇಳಿಬಿಡುತ್ತೇನೆ. ಮನೆ ತಿರುಗುಮುರುಗಾಗಿದೆ.

ನಾಲ್ಕು ದಿನ ನೆಗಡಿ ಹಿಡಿದು ನಾನು ನಿವೇಶನದ ಕಡೆ ಹೋಗಿರಲಿಲ್ಲ. ಇವತ್ತು ಬೆಳಿಗ್ಗೆ ಸೈಕಲ್ ಹತ್ತಿ ಹೋದೆ. ಗಾರೆ ಮೇಸ್ತ್ರಿ ಕ್ರೆಸ್ಟೆನ್ ಪಾಯ ಮುಗಿಸಿ, ಕೊಳವೆ ಹೂತು, ಒಳಗೋಡೆಗಳನ್ನು ಮೊಣಕಾಲೆತ್ತರ ಎಬ್ಬಿಸಿ, ಅವುಗಳ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ಹೊರಗಿನ ಚೌಕಟ್ಟು ಸರಿಯಾಗಿದೆ, ಅಳತೆಯವರು ಗೂಟ ಹೊಡೆದ ಜಾಗದಲ್ಲೇ ಇದೆ. ಒಳಗಿನದು ಮಾತ್ರ ಪೂರಾ ತಿರುಗಿದೆ. ನಿನ್ನ ಕೋಣೆ, ಮಲಗುವ ಕೋಣೆ ರಸ್ತೆಗೆ ಹೋಗಿವೆ. ಅಡುಗೆಮನೆ, ಮಗ್ಗದ ಕೋಣೆ ತೋಟಕ್ಕೆ ಬಂದಿವೆ.

"ಕ್ರೆಸ್ಟೆನ್, ಅಡುಗೆಮನೆ ಕೊಳವೆ ಇಲ್ಯಾಕೆ ಬಂತು?" ಎಂದೆ.

"ನಕ್ಷೇಲಿ ಇಲ್ಲೇ ಇದೆಯಲ್ಲ ಅಮ್ಮಾವ್ರೇ."

"ಅಯ್ಯೋ, ನಕ್ಷೆ ತಲೆಕೆಳಗು ಹಿಡ್ದಿದೀರಿ!"

"ತಲೆಕೆಳಗು ಎಲ್ಲಿಂದ ಬಂತು? ನೀವೇ ನೋಡಿ. ಹೀಗ್ ಹಿಡಿದ್ರೆ 'ಅಡುಗೆಮನೆ', 'ಮಗ್ಗ' ನೆಟ್ಟಗೆ ಓದ್ಬೋದು. ಹಾಗ್ ತಿರುಗಿಸಿದ್ರೆ 'ಡ್ರಾಯಿಂಗ್', 'ಮಲಗೋ ಕೋಣೆ' ನೆಟ್ಟಗೆ. ಅರ್ಧ ಹೀಗೆ, ಅರ್ಧ ಹಾಗೆ. ಎರಡ್ರಲ್ಲಿ ಒಂದನ್ನ ನಂಬ್ಬೇಕಿತ್ತು, ಅಡುಗೆಮನೇನ ನಂಬ್ದೆ. ಊಟ ಮೊದ್ಲಲ್ವಾ?"

ಅವನೇ ಮುಂದುವರಿಸಿದ: "ಉತ್ತರ ಯಾವ ಕಡೆ ಅಂತ ಒಂದು ಬಾಣ ಹಾಕಿದ್ರೆ ನಾನೂ ನೋಡ್ಕೋತಿದ್ದೆ. ಮೂವತ್ತು ವರ್ಷದಿಂದ ಗಾರೆ ಕೆಲಸ ಮಾಡ್ತಿದೀನಿ, ಬಾಣ ಇಲ್ದಿರೋ ನಕ್ಷೆ ಕೊಟ್ಟೋರು ನೀವೇ ಮೊದ್ಲು."

ಹಾಳೆಯನ್ನು ಕಿತ್ತುಕೊಂಡು ನೋಡಿದೆ. ನಿಜ, ಬಾಣ ಇಲ್ಲ. ನೀನು ಇಂಕಿನಲ್ಲಿ ತಿದ್ದುತ್ತಿದ್ದೆಯಲ್ಲ, ಅದನ್ನೂ ಹಾಕುತ್ತೀಯೆಂದು ನಾನು ಸುಮ್ಮನಿದ್ದೆ. ಯಾವಾಗಲೂ ನಾನೇ ಹಾಕುವುದರಿಂದ ನೀನೂ ಸುಮ್ಮನಿದ್ದೆ ಎಂದು ಕಾಣುತ್ತದೆ.

ಕ್ರೆಸ್ಟೆನ್ ಎರಡು ದಾರಿ ಹೇಳಿದ. ಒಡೆದು ಮತ್ತೆ ಕಟ್ಟಬಹುದು, ಮೂರು ವಾರ ಬೇಕು. ಆದರೆ ಜೂನ್ ಒಂದಕ್ಕೆ ಅವನ ಜನ ಬೇರೆ ಕೆಲಸಕ್ಕೆ ಹೋಗಬೇಕು, ಮರಳಿ ಬರುವುದು ಸೆಪ್ಟೆಂಬರಿಗೆ. ಆಗ ಚಳಿಗಾಲಕ್ಕೆ ಮುಂಚೆ ಮಾಡು ಏರುವುದಿಲ್ಲ, ನೀನು ಬಂದಾಗ ಮನೆ ಇರುವುದಿಲ್ಲ. ಇಲ್ಲವೇ ಹೀಗೇ ಬಿಡಬಹುದು. "ನಾಳೆ ಮಧ್ಯಾಹ್ನದೊಳ್ಗೆ ಹೇಳ್ಬಿಡಿ ಅಮ್ಮಾವ್ರೇ, ಒಡೀಲಾ ಬಿಡ್ಲಾ," ಎಂದ.

ಇಲ್ಲಿಯ ತನಕ ಹೇಳುವುದು ಸುಲಭವಾಗಿತ್ತು. ಇನ್ನೊಂದು ಮಾತಿದೆ. ಅವರೆಲ್ಲ ಹೋದ ಮೇಲೆ ಅಡುಗೆಮನೆಯೊಳಗೆ ನಿಂತೆ. ನಿಂತರೆ ಎದುರಿಗೇ ಕಾಡು. ಮೊನ್ನೆಯಷ್ಟೇ ಚಿಗುರಿದೆ; ಎಲೆ ಇನ್ನೂ ತೆಳುವಾಗಿರುವುದರಿಂದ ಬೆಳಕು ಹಾದುಬರುತ್ತಿತ್ತು. ಬಿಸಿಲು ನೇರವಾಗಿ ಕೈಯ ಮೇಲೆ ಬಿತ್ತು. ಎಬ್ಬೆ, ನನಗೆ ಸಂತೋಷವಾಯಿತು, ತುಂಬ ಸಂತೋಷವಾಯಿತು. ಆಮೇಲೆ ನಿನ್ನ ನೆನಪಾಗಿ ನಾಚಿಕೆಯೂ ಆಯಿತು.

18 ಮೇ
ಬಿಡಿ ಎಂದುಬಿಟ್ಟೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಅಷ್ಟು ದೂರದಲ್ಲಿ ಕೂತು ನೀನಾದರೂ ಏನು ಮಾಡಬಲ್ಲೆ? ಮೂರು ವಾರ ಕುದಿಯುತ್ತೀಯ, ಆಮೇಲೆ ಇನ್ನೂ ಮೂರು ವಾರ ಕುದಿಯುತ್ತೀಯ.


ವೀರುಮ್
20 ಮೇ 1955

ಪ್ರೀತಿಯ ಎಬ್ಬೆ,

ಎಲ್ಲ ಚೆನ್ನಾಗಿ ನಡೆದಿದೆ. ಪಾಯ ಮುಗಿಯಿತು, ಬಲು ಗಟ್ಟಿಯಾಗಿದೆ, ಒಡೆಯುತ್ತೇನೆಂದರೂ ಒಡೆಯಲಾಗದಷ್ಟು. ಒಳಗೋಡೆಗಳು ಏಳುತ್ತಿವೆ. ಕ್ರೆಸ್ಟೆನ್ ನಿನಗೆ ನಮಸ್ಕಾರ ಹೇಳಿದ್ದಾನೆ. ಕಾಡು ಚಿಗುರಿದೆ. ಬಾಡಿಗೆ ಮನೆಯ ಹಿತ್ತಿಲಿನ ರೂಬಾರ್ಬಿನ ಹುಳಿ ದಂಟು ಎಷ್ಟು ಬೆಳೆದಿದೆಯೆಂದರೆ, ಈ ವಾರ ಬೆಳಿಗ್ಗೆ ಗಂಜಿಗೂ ಅದೇ, ಸಂಜೆ ಸಿಹಿಗೂ ಅದೇ. ನಾಲಿಗೆಯೆಲ್ಲ ಚುರುಗುಟ್ಟುತ್ತಿದೆ.

ಸುಮ್ಮನೆ ಒಂದೆರಡು ಪ್ರಶ್ನೆ. ಗೋಡೆಯಿಂದ ಸೂರನ್ನು ಎಷ್ಟು ಹೊರಗೆ ಚಾಚಬಹುದು? ಬೇಸಿಗೆಯ ಬಿಸಿಲು ನೂಲಿಗೆ ಬಿದ್ದು ಬಣ್ಣ ಹೋಗದಿರಲು ಒಂದೂ ಕಾಲು ಮೀಟರು ಸಾಕಾದೀತೇ? ಇನ್ನೊಂದು. ರಸ್ತೆಯ ಕಡೆ ಮುಖ ಮಾಡಿ ಕೂರಿಸಿದರೆ ನಿನಗೆ ಕೆಲಸ ಮಾಡಲಾಗುತ್ತದೆಯೇ? ಸುಮ್ಮನೆ ಕೇಳಿದೆ. ನೆಗಡಿ ಹಿಡಿದು ಮಲಗಿದಾಗ ತಲೆಗೆ ಏನೇನೋ ಬರುತ್ತದೆ.

ಸೀಲ್ ಮಾಂಸ ತಿಂದೆಯಾ? ಹೇಗಿದೆ?

ನಿನ್ನ
ರಿಗ್ಮೊರ್


ಸುಕರ್‌ಟಾಪೆನ್
14 ಜೂನ್ 1955

ನನ್ನ ರಿಗ್ಮೊರ್,

ಸೀಲ್ ಮಾಂಸ ತಿಂದೆ. ಮೀನೆಣ್ಣೆ ಕುಡಿದ ಹಸುವಿನ ಹಾಗಿದೆ. ನಾಲ್ಕನೆಯ ಸಲ ರುಚಿ ಹತ್ತಿತು.

ಶಾಲೆಯ ಜಾಗಕ್ಕೆ ಬಂಡೆ ಸಿಡಿಸುತ್ತಿದ್ದೇವೆ. ದಿನವೂ ಹತ್ತು ಗಂಟೆಗೆ ಊರೇ ಬಂದು ನೋಡುತ್ತದೆ, ಸಿಡಿದ ಮೇಲೆ ಚಪ್ಪಾಳೆ ಹೊಡೆಯುತ್ತದೆ. ಕಟ್ಟುವುದನ್ನು ನೋಡಲು ಇಷ್ಟು ಜನ ಬರುವುದಿಲ್ಲ ಬಿಡು.

ಅಮಾಲಿಯಾ ಒಂದು ದಿನ ಕೋಣೆ ಗುಡಿಸಲು ಬಂದವಳು ನಮ್ಮ ನಕ್ಷೆಯ ಎದುರು ನಿಂತುಬಿಟ್ಟಳು. "ಉದ್ದಣ್ಣ, ಇದ್ರಲ್ಲಿ ಸಮುದ್ರ ಯಾವ ಕಡೆ?" ಎಂದಳು. ನಮ್ಮ ಮನೆಯ ಹತ್ತಿರ ಸಮುದ್ರವಿಲ್ಲ ಎಂದೆ. "ಹಾಗಾದ್ರೆ ಬಾಗ್ಲು ತೆಗ್ದು ಎಲ್ಲಿಗೆ ಹೋಗ್ತೀರಿ?" ಎಂದಳು. ಬಿದ್ದು ಬಿದ್ದು ನಕ್ಕೆ.

ನಿನ್ನ ಪ್ರಶ್ನೆಗೆ ಉತ್ತರ: ರಸ್ತೆ ನೋಡುತ್ತ ಕೂರುವ ಬದಲು ಬಟ್ಟೆಯ ಕಪಾಟಿನೊಳಗೆ ಕೂತು ಕೆಲಸ ಮಾಡಿಯೇನು. ಹಾಲಿನ ಗಾಡಿ, ಪಕ್ಕದ ಮನೆಯವರ ನಾಯಿ, ಯಾರ ಸೈಕಲ್ಲಿಗೆ ಗಾಳಿ ಹೋಯಿತು ಎಂಬುದೆಲ್ಲ ನನಗೇಕೆ? ಸೂರು ಒಂದೂ ಕಾಲು ಮೀಟರು ಚಾಚಬಹುದು, ಆದರೆ ಮಗ್ಗದ ಕೋಣೆ ಉತ್ತರಕ್ಕಿದೆಯಲ್ಲ, ಅಲ್ಲಿಗೆ ಬಿಸಿಲೇ ಬೀಳುವುದಿಲ್ಲ. ಏಕೆ ಕೇಳಿದೆ?

ನಾನೂ ಸುಮ್ಮನೆ ಕೇಳುತ್ತೇನೆ. ಕ್ರೆಸ್ಟೆನ್‌ಗೆ ನಕ್ಷೆ ಸರಿಯಾಗಿ ಅರ್ಥವಾಯಿತೇ? ಏನೂ ಗೊಂದಲವಾಗಲಿಲ್ಲವಲ್ಲ? ಹೊಗೆಗೂಡಿನ ಹತ್ತಿರ ನಿಂತರೆ ಕಾಡು ಕಾಣುತ್ತದೆಯೇ?

ನಿನ್ನ
ಎಬ್ಬೆ


ವೀರುಮ್
8 ಜುಲೈ 1955

ಪ್ರೀತಿಯ ಎಬ್ಬೆ,

ಹೊಗೆಗೂಡಿನ ಹತ್ತಿರ ನಿಂತರೆ ಎಲ್ಲವೂ ಕಾಣುತ್ತದೆ. ಕಾಡು, ರಸ್ತೆ, ಪಾದ್ರಿಯವರ ಮನೆಯ ಬಟ್ಟೆ ಒಣಹಾಕುವ ಹಗ್ಗ. ಹೊರಗೋಡೆಗಳು ಇನ್ನೂ ಪೂರ್ತಿಯಾಗಿಲ್ಲ, ಅದಕ್ಕೇ.

ಮಾಡು ಏರಿತು! ಬಡಗಿ ವಿಗ್ಗೋ ಜೊತೆ ದೊಡ್ಡ ಜಗಳವೂ ಆಯಿತು. ಕಳೆದ ಗುರುವಾರ ತೊಲೆಗಳೆಲ್ಲ ಕೂತವು. ನಾನು "ಚೆನ್ನಾಗಿದೆ" ಎಂದು ಹೇಳಿ ಸೈಕಲ್ ಹತ್ತಿದರೆ ಅವನು ಹ್ಯಾಂಡಲ್ ಹಿಡಿದು ನಿಲ್ಲಿಸಿದ. "ಮಾಡಿನ ಔತಣ ಎಲ್ಲಿ ಅಮ್ಮಾವ್ರೇ?"

"ಮಾಡು ಇನ್ನೂ ಮುಗ್ದಿಲ್ವಲ್ಲ ವಿಗ್ಗೋ," ಎಂದೆ.

"ಮುಗಿದ್ಮೇಲೆ ಯಾರ್ ಕೊಡ್ತಾರೆ? ತೊಲೆ ಏರಿದ ದಿನ ಹಸಿರು ಹಾರ ಕಟ್ಬೇಕು, ಬಿಯರ್ ಬರ್ಬೇಕು, ಸಾಸೇಜ್ ಬರ್ಬೇಕು. ಬೇರೆಯೋರ ಮನೇಲಿ ಮಾಡಿನ ತುದಿ ನೋಡಿದ್ರೇ ಗೊತ್ತಾಗುತ್ತೆ, ಏರ್ತು ಅಂತ. ನಿಮ್ದು ಊಟದ ಮೇಜಿನ ಥರ ಇದೆ. ಯಾವಾಗ ಏರ್ತು ಯಾವಾಗ ಇಳೀತು ದೇವರಿಗೇ ಗೊತ್ತು. ಹಾರ ಎಲ್ಲಿ ಕಟ್ಲಿ ಹೇಳಿ? ಔತಣ ಕೊಡ್ಲಿಲ್ಲ ಅಂದ್ರೆ ಹುಲ್ಲಿನ ಗೊಂಬೆ ಮಾಡಿ ನೇತು ಹಾಕ್ತೀನಿ, ಊರೆಲ್ಲ ನೋಡ್ಲಿ, ಈ ಮನೆಯೋರು ಜಿಪುಣರು ಅಂತ."

ಚಪ್ಪಟೆ ಮಾಡು ಬರೆಯುವಾಗ ನಾವಿಬ್ಬರೂ ಮಳೆನೀರು ಎಲ್ಲಿಗೆ ಹೋಗಬೇಕೆಂದು ಒಂದು ತಿಂಗಳು ಯೋಚಿಸಿದೆವು, ಹಾರ ಎಲ್ಲಿಗೆ ಹೋಗಬೇಕೆಂದು ಯೋಚಿಸಲೇ ಇಲ್ಲ. ಕೊನೆಗೆ ಅದನ್ನು ಹೊಗೆಗೂಡಿಗೆ ಸುತ್ತಿದರು. ಶನಿವಾರ ಮಧ್ಯಾಹ್ನ ಎರಡು ಪೆಟ್ಟಿಗೆ ಬಿಯರ್, ಸಾಸೇಜ್, ಒಂದು ಬಾಟಲಿ ಸ್ನಾಪ್ಸ್ ತಂದೆ. ಮೂರನೆಯ ಗ್ಲಾಸ್ ಸ್ನಾಪ್ಸ್ ಆದ ಮೇಲೆ, ಔತಣಕ್ಕೆಂದೇ ಬಂದಿದ್ದ ಕ್ರೆಸ್ಟೆನ್ ಇಟ್ಟಿಗೆಯ ರಾಶಿ ಹತ್ತಿ ಭಾಷಣ ಮಾಡಿದ. "ಎಬ್ಬೆಯವರು ವಾಪಸ್ ಬಂದು ಒಳಗೆ ಕಾಲಿಡೋ ದಿನ ನನಗೊಂದು ಮಾತು ಹೇಳಿ ಕಳಿಸ್ಬೇಕು. ಅವರ ಮುಖ ನೋಡೋಕೆ ಕೆಲಸ ಬಿಟ್ಟು ಬರ್ತೀನಿ!" ಎಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ಒಂದು ವಿಷಯ ಬಹಳ ದಿನದಿಂದ ಮನಸ್ಸಿನಲ್ಲಿದೆ. ಅಡುಗೆಮನೆಯನ್ನು ರಸ್ತೆಗೆ ಹಾಕಿದ್ದು ಏಕೆ? ನೆನಪಿದೆಯೇ, ಹೋದ ನವೆಂಬರಿನಲ್ಲಿ ನೀನು ಹೇಳಿದೆ: "ಅಡುಗೆಮನೇಲಿ ನಿಂತಿರ್ತೀವಿ, ಡ್ರಾಯಿಂಗ್ ಕೋಣೇಲಿ ಕೂತಿರ್ತೀವಿ. ನೋಟ ಬೇಕಾಗಿರೋದು ಕೂತೋರಿಗೆ." ಆಗ ನಾನು ನಕ್ಕಿದ್ದೆ. ನೀನು ಚೆನ್ನಾಗಿ ಹೇಳುತ್ತೀಯ, ನಿನ್ನ ಮಾತು ಕೇಳಿದರೆ ನಗು ಬರುತ್ತದೆ. ಈಗ ಒಬ್ಬಳೇ ಕೂತು ಯೋಚಿಸಿದರೆ ನಗು ಬರುವುದಿಲ್ಲ. ದಿನಕ್ಕೆ ಮೂರು ಗಂಟೆ ನಾನು ಆ ಅಡುಗೆಮನೆಯಲ್ಲಿ ನಿಂತಿರುತ್ತೇನೆ, ಎಬ್ಬೆ.

ಮೇಜಿನ ಆಚೆ ಬದಿಯಲ್ಲಿ ಈಗ ನಿನ್ನ ಬದಲು ನೂಲಿನ ರಾಶಿ ಕೂತಿದೆ. ಅದು ವಾದ ಮಾಡುವುದಿಲ್ಲ. ಹಾಗಾಗಿ ಕೆಲಸ ಬೇಗ ಸಾಗುತ್ತದೆ, ಆದರೆ ಬೇಜಾರು.

ರಿಗ್ಮೊರ್


ಸುಕರ್‌ಟಾಪೆನ್
2 ಆಗಸ್ಟ್ 1955

ರಿಗ್ಮೊರ್,

ನಿನ್ನ ಪತ್ರವನ್ನು ಐದು ಸಲ ಓದಿದೆ. ನಿನಗೆ ಈ ಮನೆ ಬೇಡವಾಗಿದೆ ಎಂದು ನನಗೆ ಅರ್ಥವಾಗಿದೆ.

ಮೊದಲ ಪತ್ರದಲ್ಲೇ ಆ ಪ್ರಶ್ನೆಗಳು ಬಂದಾಗ ಏನೋ ಅನುಮಾನ ಹುಟ್ಟಿತ್ತು. ಈಗ ಖಚಿತವಾಯಿತು. ನೀನು ಒಬ್ಬಳೇ ಅಲ್ಲಿ ನಿಂತು, ನನ್ನ ಮಾತಿನ ಚೆಂದಕ್ಕೆ ಒಪ್ಪಿ ಹಾಳುಮಾಡಿಕೊಂಡ ಮನೆ ಮೇಲೇಳುವುದನ್ನು ನೋಡುತ್ತಿದ್ದೀಯ. ನೂಲಿನ ರಾಶಿ ವಾದ ಮಾಡುವುದಿಲ್ಲ ಎಂದು ಬರೆದಿದ್ದೀಯ. ಮುಂದೆ ನನ್ನ ಜೊತೆ ಒಂದೇ ಮೇಜಿಗೆ ಕೂರುವುದೇ ಬೇಡವೆನಿಸಿದ್ದರೆ ಅದನ್ನೂ ಹೇಳು. ನನಗೆ ಭಯವಾಗಿದೆ. ಮನೆ ಹೋದರೆ ಹೋಗಲಿ. ಮೇಜು ಹೋಗುವುದು ಬೇಡ.

ನೀನು ಮನಸ್ಸು ಬಿಚ್ಚಿ ಕೇಳಿದ ಮೇಲೆ ನಾನು ಮುಚ್ಚಿಟ್ಟುಕೊಂಡು ಕೂರುವುದು ನ್ಯಾಯವಲ್ಲ. ಅಮಾಲಿಯಾಳ ಕಥೆಯಲ್ಲಿ ಅರ್ಧವನ್ನಷ್ಟೇ ಬರೆದಿದ್ದೆ. ಉಳಿದರ್ಧ ಹೀಗಿದೆ. ನಾನು ನಕ್ಕು, ಕಾಡಿಗೆ ಎಂದು ಹೇಳಿದ ಮೇಲೂ ಅವಳು ಬಿಡಲಿಲ್ಲ. "ಸಮುದ್ರ ಇಲ್ಲ ಅಂದ್ರೆ ಹೋಗ್ಲಿ, ಕಾಡಿದೆ ಅಂದ್ಯಲ್ಲ, ಅದು ಯಾವ ಕಡೆ?" ಎಂದಳು. ತೋರಿಸಲು ಎದ್ದು ಹೋದೆ. ಬಾಣ ನೋಡಿ ದಕ್ಷಿಣಕ್ಕೆ ಬೆರಳಿಡೋಣ ಎಂದರೆ ಬಾಣವೇ ಇಲ್ಲ. ಮೂಲೆಯಲ್ಲಿ ಹುಡುಕಿದೆ, ಅಂಚಿನಲ್ಲಿ ಹುಡುಕಿದೆ. "ನಿನ್ ಮನೆ ಎಲ್ಲಿದೆ ಅಂತ ನಿಂಗೇ ಗೊತ್ತಿಲ್ವಾ ಉದ್ದಣ್ಣ?" ಎಂದು ಕೇಳಿ ಅವಳು ಪೊರಕೆ ತೆಗೆದುಕೊಂಡು ಹೋದಳು.

ಅದು ನಡೆದದ್ದು ಏಪ್ರಿಲ್ ಮೂವತ್ತರಂದು. ಕ್ರೆಸ್ಟೆನ್ ಇನ್ನೂ ಗುದ್ದಲಿ ಹಾಕಿರಲಿಲ್ಲ. ಒಂದು ತಂತಿ ಸಾಕಿತ್ತು: ಬಾಣ ಇಲ್ಲ, ನೋಡಿಕೋ. ತಂತಿ ಕಚೇರಿ ನಮ್ಮ ಬಿಡಾರದಿಂದ ಇನ್ನೂರು ಹೆಜ್ಜೆ. ನಾನು ಹೋಗಲಿಲ್ಲ. ಅಕಾಡೆಮಿಯಲ್ಲಿ ಪಾಠ ಹೇಳುವಾಗ, ಬಾಣ ಮರೆತ ಒಬ್ಬ ವಿದ್ಯಾರ್ಥಿಗೆ ಎಲ್ಲರ ಎದುರು ನಾನು "ಈ ಮನೇನ ಚಂದ್ರನ ಮೇಲೆ ಕಟ್ತೀಯೇನಪ್ಪಾ?" ಎಂದು ಕೇಳಿದ ಕಥೆಯನ್ನು ಎಷ್ಟು ಔತಣಗಳಲ್ಲಿ ಹೇಳಿದ್ದೇನೆ! ನೀನೂ ಎಷ್ಟು ಸಲ ಕೇಳಿದ್ದೀಯ! ನಾಚಿಕೆಯಾಯಿತು. ಅಳತೆಯವರ ಹಾಳೆಯಲ್ಲಿ ಬಾಣ ಇದ್ದೇ ಇರುತ್ತದೆ, ಕ್ರೆಸ್ಟೆನ್ ಬುದ್ಧಿವಂತ, ರಿಗ್ಮೊರ್ ಅಲ್ಲೇ ಇರುತ್ತಾಳೆ ಎಂದುಕೊಂಡು ಕೂತೆ. ನೀನು ಎಲ್ಲ ಚೆನ್ನಾಗಿದೆ ಎಂದು ಬರೆದಾಗ ಬದುಕಿದೆ ಎನಿಸಿತು.

ಆದದ್ದು ಒಳ್ಳೆಯದೇ ಆಯಿತು, ಕ್ರೆಸ್ಟೆನ್ ಸರಿಯಾಗಿಯೇ ಕಟ್ಟಿದ್ದಾನೆ. ಆದರೂ ನಿನಗೆ ತಿಳಿದಿರಲಿ.

ಎಬ್ಬೆ


ವೀರುಮ್
27 ಆಗಸ್ಟ್ 1955

ಎಬ್ಬೆ, ಎಬ್ಬೆ,

ಕ್ರೆಸ್ಟೆನ್ ಸರಿಯಾಗಿ ಕಟ್ಟಿಲ್ಲ! ತಲೆಕೆಳಗಾಗಿ ಕಟ್ಟಿದ್ದಾನೆ! ಮೇ ಹದಿನೇಳರಿಂದ ನನಗೆ ಗೊತ್ತು!

ನಿನ್ನ ಪತ್ರವನ್ನು ಅಂಚೆಪೆಟ್ಟಿಗೆಯ ಹತ್ತಿರವೇ ಒಡೆದು ಓದಿದೆ. ಮೊದಲು ಅಳು ಬಂತು, ಆಮೇಲೆ ಸಿಟ್ಟು. ಇನ್ನೂರು ಹೆಜ್ಜೆ ನಡೆಯಲು ಆಗದ ಈ ಮನುಷ್ಯನಿಗೋಸ್ಕರ ನಾನು ಮೂರು ತಿಂಗಳು ಒಂದೊಂದು ವಾಕ್ಯವನ್ನೂ ಅಳೆದು ತೂಗಿ ಬರೆದೆನಲ್ಲ ಎಂದು. ಅದಾದ ಮೇಲೆ ರಸ್ತೆಯಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಾದ್ರಿಯವರ ಹೆಂಡತಿ ಕಿಟಕಿ ತೆಗೆದು "ಎಲ್ಲಾ ಸರಿಯಾಗಿದೆಯೇನ್ರೀ?" ಎಂದು ಕೇಳಿದರು. "ನಮ್ಮನೇಲಿ ಯಾವುದೂ ಸರಿಯಾಗಿಲ್ಲ ಕಣ್ರೀ!" ಎಂದೆ.

ಮೇ ತಿಂಗಳಲ್ಲಿ ಬರೆದು ಕಳಿಸದೆ ಇಟ್ಟಿದ್ದ ಪತ್ರವನ್ನು ಇದರೊಳಗೆ ಇಟ್ಟಿದ್ದೇನೆ, ಅದನ್ನು ಮೊದಲು ಓದು. ಜೊತೆಗೆ ಹೊಸ ನಕ್ಷೆ ಇದೆ. ತಿರುಗಿದ ಮನೆಗೆ ಕಿಟಕಿ, ಬಾಗಿಲು, ಸೂರು ಎಲ್ಲವನ್ನೂ ಹೊಸದಾಗಿ ಬರೆಯಬೇಕಾಯಿತು, ನಾನೊಬ್ಬಳೇ ಬರೆದೆ. ದಕ್ಷಿಣದ ಬಿಸಿಲಿಗೆ ನೂಲು ಮಂಕಾಗುತ್ತದೆಂದು ಸೂರನ್ನು ಚಾಚಿದ್ದೇನೆ. ಬೇಸಿಗೆಯ ಮಧ್ಯಾಹ್ನ ನೆರಳು ಹೊಸ್ತಿಲಿಗೇ ಬಂದು ನಿಲ್ಲುತ್ತದೆ, ಚಳಿಗಾಲದಲ್ಲಿ ಸೂರ್ಯ ಕೆಳಗಿಳಿದಾಗ ಬಿಸಿಲು ಒಳಗೆ ಬರುತ್ತದೆ. ಹಳೆಯ ನಕ್ಷೆಯ ಅಳತೆಗೆ ಮಾಡಿಸಿದ್ದ ಎಂಟು ಕಿಟಕಿ ಚೌಕಟ್ಟುಗಳಲ್ಲಿ ಆರನ್ನು ವಿಗ್ಗೋ ಹೊಂದಿಸಿದ. ಉಳಿದ ಎರಡನ್ನು ಕಂಡಾಗಲೆಲ್ಲ ಬೈಯುತ್ತಾನೆ.

ನಿನ್ನ ಪತ್ರಕ್ಕೆ ಸರಿಯಾದ ಉತ್ತರ ಕೊಡಬೇಕು. ಮನೆ ಬೇಡವಾಯಿತು ಎಂದು ತಿಳಿದೆಯಲ್ಲ, ಅದು ಪೂರಾ ಉಲ್ಟಾ. ಮನೆ ಬಹಳ ಇಷ್ಟವಾಗಿಬಿಟ್ಟಿದೆ. ನಾವಿಬ್ಬರೂ ಸೇರಿ ಬರೆದದ್ದಕ್ಕಿಂತ ತಪ್ಪಾಗಿ ಕಟ್ಟಿದ್ದೇ ನನಗೆ ಇಷ್ಟವಾಗಿದೆ. ತಪ್ಪು ಕ್ರೆಸ್ಟೆನ್‌ನದಿರಬಹುದು, ಬಾಣ ಮರೆತವರು ಇಬ್ಬರೂ ಇರಬಹುದು, ಆದರೆ "ಬಿಡಿ" ಎಂದವಳು ನಾನು. ಚಳಿಗಾಲದ ಕಾರಣ ಕೊಟ್ಟೆ. ಒಡೆಯಲು ಎರಡೇ ದಿನ ಸಾಕಾಗಿದ್ದರೂ ಬಿಡಿ ಎನ್ನುತ್ತಿದ್ದೆನೋ ಏನೋ. ನಿನ್ನ ಕಾಡನ್ನು ನಾನು ಕಿತ್ತುಕೊಂಡೆ, ಎಬ್ಬೆ. ಅದನ್ನು ಎಲ್ಲಿ ನಿನಗೆ ಹೇಳಬೇಕಾಗುತ್ತದೋ ಎಂದು ಹೆದರಿದ್ದೆ.

ನಿನ್ನ ಕೋಣೆಯ ರಸ್ತೆಯ ಕಡೆಯ ಗೋಡೆಯನ್ನು ನಾನು ಬರೆದಿಲ್ಲ. ಹಾಳೆಯಲ್ಲಿ ಅಲ್ಲಿ ಖಾಲಿ ಬಿಟ್ಟಿದ್ದೇನೆ, ಮನೆಯಲ್ಲಿ ಹಲಗೆ ಹೊಡೆಸಿದ್ದೇನೆ. ವಿಗ್ಗೋ ಕೇಳಿ ಕೇಳಿ ಸಾಕಾದ. "ಆ ಗೋಡೆ ಬರೆಯೋರು ಗ್ರೀನ್‌ಲ್ಯಾಂಡಲ್ಲಿದಾರೆ," ಎಂದೆ. ಕಿಟಕಿಯೇ ಬೇಡ, ಕಪಾಟೇ ಸಾಕು ಎನ್ನುವುದಾದರೆ ಹಾಗೆಂದು ಬರೆ. ಈ ಮನೆಯಲ್ಲಿ ಇರಲಾರೆ ಎನ್ನುವುದಾದರೆ ಅದನ್ನೂ ಬರೆ, ಸುತ್ತಿಬಳಸಬೇಡ. ಇಬ್ಬರೂ ಸಾಕಷ್ಟು ಸುತ್ತಿಬಳಸಿದ್ದಾಯಿತು.

ನಿನ್ನ
ರಿಗ್ಮೊರ್


ಸುಕರ್‌ಟಾಪೆನ್
19 ಸೆಪ್ಟೆಂಬರ್ 1955

ನನ್ನ ರಿಗ್ಮೊರ್,

ಸುತ್ತಿಬಳಸಬೇಡ ಎಂದಿದ್ದೀಯ. ಆಗಲಿ.

ಮೊದಲು ಸಿಟ್ಟು ಬಂತು. ಎರಡು ದಿನ ಇತ್ತು. ಐದು ತಿಂಗಳು ಆ ಕೋಣೆಯೊಳಗೆ ಮನಸ್ಸಿನಲ್ಲೇ ಓಡಾಡಿದ್ದೆನಲ್ಲ, ಅದು ಎಲ್ಲೂ ಇರಲಿಲ್ಲ ಎಂದರೆ ಸುಲಭವಲ್ಲ. ಅಮಾಲಿಯಾ ಮೀನು ಬಡಿಸಿದರೆ ಬೇಡವೆಂದೆ. "ಉದ್ದಣ್ಣಂಗೆ ಏನೋ ಆಗಿದೆ, ಊಟ ಬಿಟ್ಟಿದಾನೆ," ಎಂದು ಊರಿಗೆಲ್ಲ ಸಾರಿದಳು. ಮರುದಿನ ಶಾಲೆಯ ಕೆಲಸದವರೆಲ್ಲ ಕೈ ಕುಲುಕಿ ಸಮಾಧಾನ ಹೇಳಿದರು. ನಿಮ್ಮನೆಯಲ್ಲಿ ಯಾರು ತೀರಿಕೊಂಡರು ಎಂದು ಒಬ್ಬ ಕೇಳಿದ. ನಮ್ಮ ಮನೆ ತಿರುಗಿದೆ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ಬೆನ್ನು ತಟ್ಟಿದ.

ಮೂರನೆಯ ದಿನ ನಿನ್ನ ಹಾಳೆಯನ್ನು ಮೇಜಿನ ಮೇಲೆ ಹಾಸಿ, ಅಳತೆಕೋಲು ಹಿಡಿದು ಕೂತೆ. ತಪ್ಪು ಹುಡುಕಲು ಕೂತೆ ಎಂದೇ ಹೇಳಬೇಕು. ಸಂಜೆಯವರೆಗೆ ಹುಡುಕಿದೆ. ಸೂರು ಇದೆಯಲ್ಲ, ಆ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಗೆರೆ ಇನ್ನೊಂದಿಲ್ಲ, ಮತ್ತು ಅದನ್ನು ನಾನು ಎಳೆದಿಲ್ಲ. ಅಸೂಯೆಯಾಯಿತು. ಅಡುಗೆಮನೆಯಿಂದ ತೋಟಕ್ಕೆ ಇಳಿಯಲು ಇಟ್ಟ ಬಾಗಿಲು ನಾವಿಬ್ಬರೂ ಸೇರಿದ್ದಾಗ ಏಕೆ ಹೊಳೆಯಲಿಲ್ಲ? ನಾನು ಬಿಡದೆ ಮಾತಾಡುತ್ತಿದ್ದೆ, ಅದಕ್ಕೇ. ನಿಂತವರಿಗೂ ಕಣ್ಣಿರುತ್ತದೆ ಎಂದು ನನಗೆ ಹೊಳೆಯಬೇಕಿತ್ತು. ಹೋದ ನವೆಂಬರಿನಲ್ಲಿ ಹಾಗೆ ಹೇಳಿದ್ದಕ್ಕೆ ಕ್ಷಮಿಸು. ಅದು ತಮಾಷೆಯಲ್ಲ, ಸ್ವಾರ್ಥ. ತಮಾಷೆಯ ಹಾಗೆ ಹೇಳಿದ್ದೆ ಅಷ್ಟೇ. ಕಾಡನ್ನು ನೀನು ಕಿತ್ತುಕೊಂಡಿಲ್ಲ. ಅದರ ಮೇಲೆ ಮೊದಲು ಕೈಯಿಟ್ಟವನು ನಾನು.

ಈಗ ಖಾಲಿ ಗೋಡೆಯ ವಿಷಯ.

ಈ ಊರಿಗೆ ರಸ್ತೆಯೇ ಇಲ್ಲ. ಮನೆಯಿಂದ ಮನೆಗೆ ಬಂಡೆ, ಹಲಗೆಯ ಮೆಟ್ಟಿಲು, ಅಷ್ಟೇ. ಬರುವವರು ಹಡಗಿನಲ್ಲಿ ಬರಬೇಕು, ಹಡಗು ಬರುವುದು ಮೂರು ವಾರ ಮುಂಚೆಯೇ ಊರಿಗೆಲ್ಲ ಗೊತ್ತಿರುತ್ತದೆ. ತಿರುವಿನಲ್ಲಿ ತಟ್ಟನೆ ಯಾರಾದರೂ ಕಾಣಿಸಿಕೊಂಡರೆ, ಓ, ಬಂದಳು ಎಂದು ಅನ್ನುವುದು ಇಲ್ಲಿ ಇಲ್ಲವೇ ಇಲ್ಲ. ಐದು ತಿಂಗಳಿಂದ ಅದಿಲ್ಲ. ಹಾಲಿನ ಗಾಡಿ ನನಗೇಕೆ ಎಂದು ಬರೆದಿದ್ದೆನಲ್ಲ, ಈಗ ಹಾಲಿನ ಗಾಡಿಗೂ ಜೀವ ಬಿಡುವ ಹಾಗಾಗಿದೆ. ನಾಯಿಯೂ ಬರಲಿ.

ನೀನು ಹತ್ತಿಯ ಗಿರಣಿಗೋ ಪೇಟೆಗೋ ಹೋದರೆ ಮರಳುವುದು ಆ ರಸ್ತೆಯಲ್ಲೇ. ಕಾಡಿನಿಂದಂತೂ ನೀನು ಬರುವುದಿಲ್ಲ. ಅಂದಮೇಲೆ ನಾನು ಇಷ್ಟು ದಿನ ಯಾವ ಕಡೆ ಮುಖ ಮಾಡಿ ಕೂರಬೇಕೆಂದಿದ್ದೆ?

ಕಿಟಕಿ ರಸ್ತೆಗೇ ಇರಲಿ. ಅಗಲ ಎರಡು ಮೀಟರು ನಲವತ್ತು, ವಿಗ್ಗೋ ತಾನು ಬೈಯುತ್ತಿರುವ ಆ ಎರಡು ಚೌಕಟ್ಟನ್ನೇ ಅಲ್ಲಿ ಜೋಡಿಸಲಿ. ಎತ್ತರ ನನಗೆ ಗೊತ್ತಿಲ್ಲ, ಅಳೆಯಬೇಕಾದವಳು ನೀನು. ಸೈಕಲ್ ಮೇಲೆ ಕೂತಾಗ ನಿನ್ನ ತಲೆ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ? ಗಾಜಿನ ನಡುಭಾಗ ಅಲ್ಲಿಗೆ ಬರಲಿ.

ಅಕ್ಟೋಬರ್ ಹದಿನೈದಕ್ಕೆ ಹಡಗು ಹತ್ತುತ್ತೇನೆ.

ನಿನ್ನವನೇ ಆದ
ಎಬ್ಬೆ


ವೀರುಮ್
5 ಅಕ್ಟೋಬರ್ 1955

ಎಬ್ಬೆ,

ಈ ಪತ್ರ ತಲುಪುವ ಮೊದಲೇ ನೀನು ಹಡಗು ಹತ್ತಿರುತ್ತೀಯೇನೋ, ಆದರೂ ಬರೆಯದೆ ಇರಲಾಗಲಿಲ್ಲ.

ನಿನ್ನ ಪತ್ರ ಜೇಬಿನಲ್ಲಿಟ್ಟುಕೊಂಡು ನೇರವಾಗಿ ನಿವೇಶನಕ್ಕೆ ಹೋದೆ. ಉಳಿದ ಗಾರೆ ಕೆಲಸಕ್ಕೆ ಕ್ರೆಸ್ಟೆನ್ ಬಂದಿದ್ದ. ನನ್ನನ್ನು ಸೈಕಲ್ ಸಮೇತ ಹಲಗೆಯ ಗೋಡೆಗೆ ಆನಿಸಿ ನಿಲ್ಲಿಸಿದ. ಮಡಿಸುವ ಅಳತೆಕೋಲನ್ನು ಪೂರಾ ಬಿಚ್ಚಿ, ಒಂದು ಕಣ್ಣು ಮುಚ್ಚಿ, ಮೇಲಿಂದ ಕೆಳಗೆ ನೋಡಿದ.

"ಟೋಪಿ ಸೇರ್ಸಿ ಅಳೀಲಾ, ತೆಗ್ದು ಅಳೀಲಾ?"

"ಬರೋದು ಚಳೀಲಿ. ಸೇರ್ಸೇ ಅಳೀರಿ," ಎಂದೆ.

"ಮೂವತ್ತು ವರ್ಷದಿಂದ ಗಾರೆ ಕೆಲಸ ಮಾಡ್ತಿದೀನಿ," ಎಂದು ಶುರುಮಾಡಿದ. ಆಮೇಲೆ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಗೋಡೆಯ ಮೇಲೆ ಗೆರೆ ಎಳೆದ.

ನಿನ್ನೆ ಕಿಟಕಿ ಕೂತಿತು. ವಿಗ್ಗೋನನ್ನು ಒಳಗೆ ನಿನ್ನ ಜಾಗದಲ್ಲಿ ಪೆಟ್ಟಿಗೆಯ ಮೇಲೆ ಕೂರಿಸಿ, ನಾನು ತಿರುವಿನ ತನಕ ಹೋಗಿ ಸೈಕಲ್ ಹೊಡೆದುಕೊಂಡು ಬಂದೆ. "ಕಾಣ್ತಾ?" ಎಂದು ಕೂಗಿದೆ. ಕಾಣಲಿಲ್ಲವಂತೆ, ತಲೆ ಬಗ್ಗಿಸಿ ಬಂದೆನಂತೆ. ಮತ್ತೆ ಹೋಗಿ ತಲೆಯೆತ್ತಿ ಬಂದೆ. "ಈಗ ಕಾಣ್ತು ಅಮ್ಮಾವ್ರೇ! ಸಾಕು ಬಿಡಿ, ನಂಗೆ ಬೇರೆ ಕೆಲ್ಸ ಇದೆ," ಎಂದ. ನಾನು ಇನ್ನೊಂದು ಸಲ ಹೋಗಿ ಬಂದೆ.

ನೂರ ಎಪ್ಪತ್ತೊಂದು ಸೆಂಟಿಮೀಟರು. ಟೋಪಿ ಸೇರಿಸಿ. ಬೇಗ ಬಾ.

ರಿಗ್ಮೊರ್